ಹಳೇ ಗಾಡಿಯ ಮೀಟರ್ ಸತ್ತಿದೆಯೇ? ಮೊದಲು ಅರ್ತ್ ನೋಡಿ

ನಮ್ಮ ಕುಸನೂರ ಕಡೆ ಹಳೇ ಲಾರಿ, ಹಳೇ ಟ್ರ್ಯಾಕ್ಟರ್‌ಗಳಿಗೆ ಇನ್ನೂ ಕೆಲಸ ಇದೆ. ತೊಗರಿ ರಾಶಿ ಮಾಡಬೇಕು, ಚೀಲಗಳನ್ನು ಕಲಬುರಗಿಯ ಎಪಿಎಂಸಿಗೋ ಬೇಳೆ ಮಿಲ್ಲಿಗೋ ಮುಟ್ಟಿಸಬೇಕು, ಹೊಲಕ್ಕೆ ಗೊಬ್ಬರ ಹೊಡೆಯಬೇಕು. ಇಂಥ ಗಾಡಿಗಳ ಎಂಜಿನ್ ಗಟ್ಟಿ ಇರುತ್ತದೆ. ಮೊದಲು ಸಾಯುವುದು ಡ್ಯಾಶ್‌ಬೋರ್ಡಿನ ಮೀಟರುಗಳು. ಡೀಸೆಲ್ ಎಷ್ಟಿದೆ, ಎಂಜಿನ್ ಎಷ್ಟು ಕಾದಿದೆ, ಆಯಿಲ್ ಒತ್ತಡ ಇದೆಯೋ ಇಲ್ಲವೋ ಒಂದೂ ತಿಳಿಯುವುದಿಲ್ಲ. ಡೀಸೆಲ್ ನೋಡಲು ಟ್ಯಾಂಕಿಗೆ ಕಡ್ಡಿ ಅದ್ದುತ್ತೇವೆ. ಎಂಜಿನ್ ಕಾದದ್ದು ತಿಳಿಯಲು ಹೊಗೆ ಬರುವ ತನಕ ಕಾಯುತ್ತೇವೆ!

ಮೀಟರ್ ಸತ್ತರೆ ಹೊಸ ಮೀಟರ್ ತರುವುದು ಸಾಮಾನ್ಯ ರೂಢಿ. ಆದರೆ ನಾನು ನಮ್ಮ ಮತ್ತು ಅಕ್ಕಪಕ್ಕದವರ ಗಾಡಿಗಳಲ್ಲಿ ನೋಡಿದ ಪ್ರಕಾರ, ಮೀಟರೇ ಕೆಟ್ಟಿರುವುದು ಕಡಿಮೆ. ವೈರು ತುಂಡಾಗಿರುತ್ತದೆ, ಸೆಂಡರ್ ಹೋಗಿರುತ್ತದೆ, ಎಲ್ಲಕ್ಕಿಂತ ಹೆಚ್ಚಾಗಿ ಅರ್ತ್ ಸಡಿಲಾಗಿರುತ್ತದೆ. ಇದನ್ನು ಪತ್ತೆ ಮಾಡಲು ದೊಡ್ಡ ವಿದ್ಯೆ ಬೇಕಿಲ್ಲ. ಒಂದು ಟೆಸ್ಟ್ ಲೈಟ್, ಒಂದು ಮಲ್ಟಿಮೀಟರ್, ಒಂದು ಮುಂಜಾನೆಯ ಬಿಡುವು ಸಾಕು.

ಕೆಟ್ಟ ಮೀಟರಿಗಿಂತ ಸುಳ್ಳು ಮೀಟರ್ ಅಪಾಯ

ರಾಶಿ ಮಷೀನಿಗೆ ಕಟ್ಟಿದ ಟ್ರ್ಯಾಕ್ಟರ್ ನಿಂತಲ್ಲೇ ನಾಲ್ಕೈದು ತಾಸು ಓಡುತ್ತದೆ. ಹಾರುವ ಹೊಟ್ಟು ರೇಡಿಯೇಟರಿನ ಜಾಳಿಗೆಗೆ ಮೆತ್ತಿಕೊಳ್ಳುತ್ತದೆ. ಗಾಳಿ ಒಳಗೆ ಹೋಗುವುದಿಲ್ಲ, ನೀರು ತಣಿಯುವುದಿಲ್ಲ.

ನಮ್ಮ ನೆರೆಯ ರೈತರೊಬ್ಬರ ಟ್ರ್ಯಾಕ್ಟರಿನಲ್ಲಿ ಟೆಂಪರೇಚರ್ ಮೀಟರಿನ ಮುಳ್ಳು (ನಮ್ಮಲ್ಲಿ ಕಾಟಾ ಅನ್ನುತ್ತಾರೆ) ಬಹಳ ದಿನದಿಂದ ನಡುವೆ ನಿಂತಿತ್ತು. ಚಾವಿ ತೆಗೆದರೂ ಅಲ್ಲೇ, ಹಾಕಿದರೂ ಅಲ್ಲೇ. “ಕಾಟಾ ನಡುವ ಅದ, ಗಾಡಿ ತಂಪ್ ಅದ” ಎಂದು ಡ್ರೈವರ್ ನಂಬಿಕೊಂಡು ಕೂತಿದ್ದ. ಒಂದು ಮಧ್ಯಾಹ್ನ ಎಂಜಿನ್ ಎಳೆಯುವುದು ನಿಂತಿತು. ಹೆಡ್ ಗ್ಯಾಸ್ಕೆಟ್ ಸುಟ್ಟಿತ್ತು, ಹೆಡ್ ಬಾಗಿತ್ತು. ರಾಶಿ ನಡುವೆ ಎಂಟು ದಿನ ಕೆಲಸ ನಿಂತು, ಆ ವರ್ಷದ ತೊಗರಿಯಲ್ಲಿ ನಾಲ್ಕು ಚೀಲ ಎಂಜಿನ್ನಿಗೇ ಹೋಯಿತು. ಆಮೇಲೆ ನೋಡಿದರೆ ಮೀಟರಿಗೆ ಹೋಗುವ ವೈರೇ ಕಳಚಿತ್ತು, ಮುಳ್ಳು ತುಕ್ಕು ಹಿಡಿದು ನಿಂತಿತ್ತು.

ಪೂರ್ತಿ ಸತ್ತ ಮೀಟರ್ ಇದ್ದರೆ ನಾವು ಜಾಗ್ರತೆ ಮಾಡುತ್ತೇವೆ. ಸುಳ್ಳು ಹೇಳುವ ಮೀಟರ್ ಇದ್ದರೆ ಮೈಮರೆಯುತ್ತೇವೆ. ಹೀಗಾಗಿ ಮೀಟರ್ ಓಡುತ್ತಿದೆ ಎಂದರೆ ಸಾಲದು, ಅದು ಖರೆ ಹೇಳುತ್ತದೆಯೇ ಎಂದು ಪರೀಕ್ಷೆ ಮಾಡಬೇಕು.

ಯಾವ ಗಾಡಿಗಳಿಗೆ ಈ ಪಾಠ?

ಜಮಶೇಡಪುರದಲ್ಲಿ ಟಾಟಾದವರು ಜರ್ಮನಿಯ ಮರ್ಸಿಡಿಸ್ ಜೊತೆ ಸೇರಿ ಲಾರಿ ಮಾಡಲು ಶುರು ಮಾಡಿದ್ದು 1954ರಲ್ಲಿ. 1969ರಲ್ಲಿ ಆ ಒಪ್ಪಂದ ಮುಗಿದ ಮೇಲೆ ಮುಂಭಾಗದ ನಕ್ಷತ್ರ ಹೋಗಿ ‘ಟಿ’ ಅಕ್ಷರ ಬಂತು. 1971ರಲ್ಲಿ ಎಚ್‌ಎಂಟಿ ಕಂಪನಿ ಹರಿಯಾಣದ ಪಿಂಜೋರದಲ್ಲಿ ಝೆಟರ್ ಮಾದರಿಯ ಟ್ರ್ಯಾಕ್ಟರ್ ಆರಂಭಿಸಿತು. 1986ರಲ್ಲಿ ಟಾಟಾ 407 ಬಂತು. ಆ ಕಾಲದ ಗಾಡಿಗಳಲ್ಲಿ ಕಂಪ್ಯೂಟರ್ ಇರಲಿಲ್ಲ. ಒಂದು ಮೀಟರು, ಒಂದು ವೈರು, ಒಂದು ಸೆಂಡರ್, ಅಷ್ಟೇ. ಇಲ್ಲಿ ಬರೆದಿರುವುದು ಅಂಥ ಗಾಡಿಗಳಿಗೆ ಮಾತ್ರ.

2020ರ ಏಪ್ರಿಲ್ ನಂತರದ ಬಿಎಸ್-6 ಲಾರಿಗಳಲ್ಲಿ ಮತ್ತು ಕಂಪ್ಯೂಟರ್ ಇರುವ ಯಾವುದೇ ಎಂಜಿನ್ನಿನಲ್ಲಿ ವೈರು ಬಿಚ್ಚಿ ಬಾಡಿಗೆ ಮುಟ್ಟಿಸುವ ಪರೀಕ್ಷೆ ಮಾಡಲೇಬೇಡಿ. ದುಬಾರಿ ಸಾಮಾನು ಸುಟ್ಟೀತು.

ಮೀಟರ್ ಓಡುವುದು ಹೇಗೆ?

ಬೋರಿನ ಪೈಪ್‌ಲೈನ್ ನೆನಪು ಮಾಡಿಕೊಳ್ಳಿ. ಮೋಟಾರು ನೀರು ತಳ್ಳುತ್ತದೆ, ಲೈನಿನ ಕೊನೆಯಲ್ಲಿ ವಾಲ್ವ್ ಇರುತ್ತದೆ. ವಾಲ್ವ್ ಎಷ್ಟು ತೆರೆದರೆ ಅಷ್ಟು ನೀರು ಹರಿಯುತ್ತದೆ. ಗಾಡಿಯಲ್ಲಿ ಮೋಟಾರಿನ ಜಾಗದಲ್ಲಿ ಬ್ಯಾಟರಿ, ವಾಲ್ವಿನ ಜಾಗದಲ್ಲಿ ಸೆಂಡರ್. ನಡುವೆ ಕೂತ ಮೀಟರ್ ಎಷ್ಟು ಕರೆಂಟು ಹರಿಯುತ್ತಿದೆ ಎಂಬುದನ್ನು ಮುಳ್ಳಿನಲ್ಲಿ ತೋರಿಸುತ್ತದೆ.

ಕರೆಂಟಿನ ದಾರಿ ಹೀಗೆ: ಬ್ಯಾಟರಿಯ ಪ್ಲಸ್, ಚಾವಿ ಸ್ವಿಚ್, ಫ್ಯೂಜ್, ಮೀಟರ್, ವೈರ್, ಸೆಂಡರ್, ಎಂಜಿನ್ ಅಥವಾ ಟ್ಯಾಂಕಿನ ಬಾಡಿ, ಚಾಸಿ, ಕೊನೆಗೆ ಬ್ಯಾಟರಿಯ ಮೈನಸ್. ಹೋಗುವ ದಾರಿಗೆ ವೈರು ಇದೆ. ವಾಪಸ್ ಬರುವ ದಾರಿ ಬರೀ ಕಬ್ಬಿಣ. ಈ ವಾಪಸ್ ದಾರಿಯೇ ಅರ್ತ್. ಕಬ್ಬಿಣಕ್ಕೆ ತುಕ್ಕು ಹಿಡಿದರೆ, ಬಣ್ಣ ಹೊಡೆದರೆ, ಎರೆ ಮಣ್ಣಿನ ರಾಡಿ ಸೇರಿದರೆ ಕರೆಂಟಿಗೆ ದಾರಿ ಸಿಗುವುದಿಲ್ಲ. ವೈರು ತುಂಡಾದರೆ ಕಣ್ಣಿಗೆ ಕಾಣುತ್ತದೆ. ಅರ್ತ್ ತುಂಡಾದರೆ ಕಾಣುವುದಿಲ್ಲ. ಹೀಗಾಗಿ ಅದನ್ನು ಯಾರೂ ಮೊದಲು ನೋಡುವುದಿಲ್ಲ.

ನಿಮ್ಮ ಮೀಟರ್ ಯಾವ ಜಾತಿಯದು?

ಕೈ ಹಾಕುವ ಮೊದಲು ಮೀಟರಿನ ಹಿಂಭಾಗ ನೋಡಿ.

ಸಣ್ಣ ತಾಮ್ರದ ಕೊಳವೆ ಬಂದಿದ್ದರೆ ಅದು ಕರೆಂಟಿನ ಮೀಟರ್ ಅಲ್ಲ. ಹಳೇ ಆಯಿಲ್ ಮತ್ತು ಟೆಂಪರೇಚರ್ ಮೀಟರುಗಳಲ್ಲಿ ಇದು ಕಾಣಸಿಗುತ್ತದೆ. ಟೆಂಪರೇಚರ್ ಮೀಟರಿನ ಕೊಳವೆ ಕತ್ತರಿಸಿದರೆ ಮೀಟರೇ ಮುಗಿಯಿತು. ಮುಟ್ಟಬೇಡಿ.

ಚಾವಿ ಹಾಕಿದ ಕೂಡಲೇ ಮುಳ್ಳು ಟಕ್ಕನೆ ಏಳುತ್ತದೆಯೇ? ಅದು ಸುರುಳಿ ಮೀಟರ್. ಇದಕ್ಕೆ ಹಿಂದೆ ಮೂರು ಬೋಲ್ಟ್ ಇರುತ್ತವೆ: ಪ್ಲಸ್, ಸೆಂಡರ್, ಅರ್ತ್. ಮೀಟರಿಗೇ ಒಂದು ಅರ್ತ್ ವೈರ್ ಬೇಕು.

ಮುಳ್ಳು ನಿಧಾನಕ್ಕೆ, ಅರ್ಧ ನಿಮಿಷ ತೆಗೆದುಕೊಂಡು ಏಳುತ್ತದೆಯೇ? ಅದು ಶಾಖದ ಮೀಟರ್. ಒಳಗಿನ ಎರಡು ಲೋಹದ ಪಟ್ಟಿ ಕರೆಂಟಿನಿಂದ ಕಾದು ಬಾಗಿ ಮುಳ್ಳನ್ನು ತಳ್ಳುತ್ತದೆ. ಇಂಥ ಹಲವು ಮೀಟರುಗಳ ಹಿಂದೆ ಸಣ್ಣ ಡಬ್ಬಿಯಂಥ ಸ್ಟೆಬಿಲೈಸರ್ ಇರುತ್ತದೆ. ಅದು ಬ್ಯಾಟರಿಯ ಕರೆಂಟನ್ನು ಬಿಟ್ಟು ಬಿಟ್ಟು ಕೊಟ್ಟು, ಸರಾಸರಿ 10 ವೋಲ್ಟಿನಷ್ಟು ಮೀಟರಿಗೆ ಸಿಗುವಂತೆ ಮಾಡುತ್ತದೆ.

ದಪ್ಪ ವೈರುಗಳ ನಡುವೆ ಕೂತಿದ್ದು, ಮುಳ್ಳು ಎಡಕ್ಕೂ ಬಲಕ್ಕೂ ಹೋಗುವಂತಿದ್ದರೆ ಅದು ಆಂಪಿಯರ್ ಮೀಟರ್. ಇದರ ಲೆಕ್ಕವೇ ಬೇರೆ, ಕೆಳಗೆ ಬರೆದಿದ್ದೇನೆ.

ಗಾಡಿ 12 ವೋಲ್ಟಿನದೋ 24 ವೋಲ್ಟಿನದೋ ಎಂಬುದನ್ನೂ ಖಾತ್ರಿ ಮಾಡಿಕೊಳ್ಳಿ. ಎರಡು ಬ್ಯಾಟರಿ ಕಂಡರೆ ಮಲ್ಟಿಮೀಟರ್ ಹಿಡಿದೇ ಹೇಳಬೇಕು. 12 ವೋಲ್ಟಿನ ಮೀಟರನ್ನು 24ಕ್ಕೆ ಹಾಕಿದರೆ ಸುಡುತ್ತದೆ.

ಬೇಕಾಗುವ ಸಾಮಾನು

ಟೆಸ್ಟ್ ಲೈಟ್ ಮನೆಯಲ್ಲೇ ಮಾಡಬಹುದು. 5 ವ್ಯಾಟಿನ ಇಂಡಿಕೇಟರ್ ಬಲ್ಬ್, ಹೋಲ್ಡರ್, ಎರಡು ಮಾರು ವೈರು, ತುದಿಗೆ ಒಂದು ಕ್ಲಿಪ್ಪು, ಒಂದು ದಬ್ಬಣ. ಮಲ್ಟಿಮೀಟರ್ ಸಾದಾ ಡಿಜಿಟಲ್ ಸಾಕು. ಜೊತೆಗೆ ಪಾನಾ, ಪಕ್ಕಡ, ಪಾಲಿಶ್ ಪೇಪರ್, ಒಂದು ಉದ್ದ ವೈರು. ಟಿವಿ-ರೇಡಿಯೋ ರಿಪೇರಿ ಸಾಮಾನು ಮಾರುವ ಅಂಗಡಿಯಿಂದ 5 ವ್ಯಾಟಿನ 10, 47, 100 ಮತ್ತು 180 ಓಮ್ ರೆಸಿಸ್ಟರ್ ಒಂದೊಂದು ತಂದಿಟ್ಟುಕೊಳ್ಳಿ. ಇವುಗಳ ಉಪಯೋಗ ಮುಂದೆ ಬರುತ್ತದೆ.

ಕೆಲವು ಎಚ್ಚರಿಕೆ. ಡ್ಯಾಶ್‌ಬೋರ್ಡ್ ಬಿಚ್ಚುವ ಮುನ್ನ ಬ್ಯಾಟರಿಯ ಮೈನಸ್ ಕೇಬಲ್ ತೆಗೆಯಿರಿ; ಪರೀಕ್ಷೆ ಹೊತ್ತಿಗೆ ಮಾತ್ರ ಮತ್ತೆ ಹಾಕಿ. ಕೈಯಲ್ಲಿ ಉಂಗುರ, ಕಬ್ಬಿಣದ ಕಡಗ ಬೇಡ. ಟ್ಯಾಂಕಿನ ಬಾಯಿ ತೆರೆದಿರುವಾಗ ಅದರ ಹತ್ತಿರ ಕಿಡಿ ಹಾರಿಸುವ ಯಾವ ಪರೀಕ್ಷೆಯೂ ಬೇಡ, ಬೀಡಿಯಂತೂ ಬೇಡವೇ ಬೇಡ.

ಮೂರು ಹಂತದ ಪರೀಕ್ಷೆ

ಎಂಜಿನ್ ತಣ್ಣಗಿರುವಾಗ ಶುರು ಮಾಡಿ. ಟೆಂಪರೇಚರ್ ಮೀಟರನ್ನೇ ಉದಾಹರಣೆ ಇಟ್ಟುಕೊಳ್ಳೋಣ.

ಒಂದು, ಮೀಟರಿಗೆ ಕರೆಂಟು ಬರುತ್ತದೆಯೇ? ಟೆಸ್ಟ್ ಲೈಟಿನ ಕ್ಲಿಪ್ಪನ್ನು ಚಾಸಿಯ ತಿಕ್ಕಿ ಹೊಳೆಸಿದ ಜಾಗಕ್ಕೆ ಹಾಕಿ, ದಬ್ಬಣವನ್ನು ಮೀಟರಿನ ಪ್ಲಸ್ ಬೋಲ್ಟಿಗೆ ಮುಟ್ಟಿಸಿ, ಚಾವಿ ಹಾಕಿ. ಲೈಟ್ ಹತ್ತಬೇಕು. ಹತ್ತದಿದ್ದರೆ ಫ್ಯೂಜ್, ಚಾವಿ ಸ್ವಿಚ್, ನಡುವಿನ ವೈರು ನೋಡಿ. ಹಳೇ ಗಾಜಿನ ಅಥವಾ ಪಿಂಗಾಣಿ ಫ್ಯೂಜುಗಳಲ್ಲಿ ಫ್ಯೂಜ್ ಸರಿ ಇದ್ದೂ ಕ್ಲಿಪ್ಪಿಗೆ ಹಸಿರು ಕಿಲುಬು ಹಿಡಿದಿರುತ್ತದೆ. ತಿಕ್ಕಿದರೆ ಸಾಕು. ಸ್ಟೆಬಿಲೈಸರ್ ಇರುವ ಮೀಟರಿನಲ್ಲಿ ಲೈಟ್ ಮಿನುಗುತ್ತದೆ, ಅದು ಸರಿಯೇ.

ಎರಡು, ಮುಳ್ಳು ಓಡುತ್ತದೆಯೇ? ಎಂಜಿನ್ನಿನ ಮೇಲಿರುವ ಸೆಂಡರಿನಿಂದ ವೈರು ಬಿಚ್ಚಿ. ಚಾವಿ ಹಾಕಿದರೆ ಮುಳ್ಳು ‘ತಂಪು’ ಕಡೆ ನಿಲ್ಲಬೇಕು. ಈಗ ಆ ವೈರಿಗೆ 10 ಓಮ್ ರೆಸಿಸ್ಟರ್ ಹಚ್ಚಿ, ಅದರ ಇನ್ನೊಂದು ತುದಿಯನ್ನು ಎಂಜಿನ್ನಿಗೆ ಮುಟ್ಟಿಸಿ. ಮುಳ್ಳು ‘ಬಿಸಿ’ ಕಡೆ ಓಡಬೇಕು. ಶಾಖದ ಮೀಟರಾದರೆ ನಿಧಾನಕ್ಕೆ ಏರುತ್ತದೆ. ಮುಳ್ಳು ತುದಿ ಮುಟ್ಟುವ ಮೊದಲೇ ವೈರು ತೆಗೆಯಿರಿ. ಮೆಕ್ಯಾನಿಕರು ರೆಸಿಸ್ಟರ್ ಇಲ್ಲದೆ ನೇರ ಮುಟ್ಟಿಸುತ್ತಾರೆ. ಕೆಲವು ಮೀಟರ್ ತಡೆದುಕೊಳ್ಳುತ್ತವೆ, ಕೆಲವು ಸುಟ್ಟುಹೋಗುತ್ತವೆ. ಅಗ್ಗದ ಸಾಮಾನಿನಲ್ಲಿ ಆಗುವ ಕೆಲಸಕ್ಕೆ ಮೀಟರ್ ಪಣಕ್ಕಿಡುವುದು ಯಾಕೆ?

ಮುಳ್ಳು ಎರಡೂ ಕಡೆ ಓಡಿದರೆ ಮೀಟರೂ ಸರಿ, ವೈರೂ ಸರಿ. ತಪ್ಪು ಸೆಂಡರಿನಲ್ಲಿ ಅಥವಾ ಅದರ ಅರ್ತಿನಲ್ಲಿ ಇದೆ. ಓಡದಿದ್ದರೆ ಮೀಟರಿನ ಹಿಂದೆಯೇ ಸೆಂಡರ್ ಬೋಲ್ಟಿನಿಂದ ವೈರು ತೆಗೆದು, ಅದೇ ರೆಸಿಸ್ಟರನ್ನು ಅಲ್ಲಿಂದ ಬಾಡಿಗೆ ಹಚ್ಚಿ ನೋಡಿ. ಈಗ ಓಡಿದರೆ ನಡುವಿನ ವೈರು ತುಂಡಾಗಿದೆ. ಆಗಲೂ ಓಡದಿದ್ದರೆ, ಮೀಟರಿನ ಅರ್ತ್ ಸರಿ ಇದ್ದರೆ, ಆಗ ಮಾತ್ರ “ಮೀಟರ್ ಹೋಗಿದೆ” ಎನ್ನಿ.

ಮೂರು, ಅರ್ತ್ ಇದೆಯೇ? ಸೆಂಡರಿಗೆ ವೈರು ಮೊದಲಿನಂತೆ ಹಾಕಿ. ಎಂಜಿನ್ ಬಿಸಿ ಮಾಡಿ. ಉದ್ದ ವೈರಿನ ಒಂದು ತುದಿ ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ತುದಿ ಸೆಂಡರಿನ ಹಿತ್ತಾಳೆ ಮೈಗೆ ಒತ್ತಿ ಹಿಡಿಯಿರಿ. ಮುಳ್ಳು ಜೀವ ಬಂದಂತೆ ಎದ್ದರೆ ನಿಮ್ಮ ಗಾಡಿಗೆ ಬೇಕಾದದ್ದು ಮೀಟರೂ ಅಲ್ಲ, ಸೆಂಡರೂ ಅಲ್ಲ. ಒಂದು ಮಾರು ವೈರು.

ಎರಡು ಮೀಟರ್ ಬದಲಾದವು, ರೋಗ ಬದಲಾಗಲಿಲ್ಲ

ಕಮಲಾಪುರದ ಕಡೆ ನಮ್ಮ ಬೀಗರೊಬ್ಬರು ಕೆಂಪು ಬಾಳೆ ಬೆಳೆಯುತ್ತಾರೆ. ಗೊನೆ ಸಾಗಿಸಲು ಒಂದು ಹಳೇ ಲಾರಿ ಇಟ್ಟುಕೊಂಡಿದ್ದಾರೆ. ಅದರ ಡೀಸೆಲ್ ಮೀಟರ್ ಒಮ್ಮೆ ಅರ್ಧ ತೋರಿಸಿದರೆ ಒಮ್ಮೆ ಖಾಲಿ. ಗ್ಯಾರೇಜಿನಲ್ಲಿ “ಮೀಟರ್ ಹೋಗ್ಯಾದ್ರಿ, ಹೊಸಾದ್ ಹಾಕ್ರಿ” ಅಂದರು. ಹಾಕಿಸಿದರು. ನಾಲ್ಕು ದಿನಕ್ಕೆ ಮತ್ತೆ ಅದೇ ಕಥೆ. ಇನ್ನೊಂದು ಹಾಕಿಸಿದರು. ಕೊನೆಗೆ ಕಲಬುರಗಿ ರಸ್ತೆಯಲ್ಲಿ, ಗಾಡಿ ತುಂಬ ಗೊನೆ ಇದ್ದಾಗ ಡೀಸೆಲ್ ಮುಗಿದು ನಿಂತಿತು. ಡೀಸೆಲ್ ತಂದು ಹಾಕಿ, ಪೈಪಿನ ಗಾಳಿ ತೆಗೆದು, ಗಾಡಿ ಚಾಲೂ ಆಗುವಷ್ಟರಲ್ಲಿ ಸವಾಲು ಮುಗಿದಿತ್ತು.

ನಾನು ಹೋದಾಗ ಅವರು ಹೇಳಿದ ಒಂದು ಮಾತು ದಾರಿ ತೋರಿಸಿತು: “ರಾತ್ರಿ ಲೈಟ್ ಹಾಕಿದ್ರ ಕಾಟಾ ತಾನೇ ಸರೀತದ.” ಹೆಡ್‌ಲೈಟ್ ಹಾಕಿದ ಕೂಡಲೇ ಡೀಸೆಲ್ ಮೀಟರ್ ಅಲುಗಾಡಿದರೆ ಅದು ಅರ್ತಿನ ರೋಗ ಎಂಬುದು ಬಹುಮಟ್ಟಿಗೆ ಖಾತ್ರಿ. ಲೈಟಿನ ದೊಡ್ಡ ಕರೆಂಟು, ಮೀಟರಿನ ಸಣ್ಣ ಕರೆಂಟು ಎರಡೂ ಒಂದೇ ಇಕ್ಕಟ್ಟಾದ ದಾರಿಯಲ್ಲಿ ವಾಪಸ್ ಹೋಗಲು ಗುದ್ದಾಡುತ್ತವೆ.

ಟ್ಯಾಂಕ್ ಕೂತದ್ದು ರಬ್ಬರ್ ಪಟ್ಟಿಯ ಮೇಲೆ. ಟ್ಯಾಂಕಿಗೂ ಪಟ್ಟಿಗೂ ಹೊಸದಾಗಿ ಬಣ್ಣ ಹೊಡೆಸಿದ್ದರು. ಟ್ಯಾಂಕಿಗೆ ಚಾಸಿಯ ಸಂಪರ್ಕವೇ ಸರಿ ಇರಲಿಲ್ಲ. ಫ್ಲೋಟ್ ಯೂನಿಟ್ಟಿನ ಸ್ಕ್ರೂವಿನಿಂದ ಚಾಸಿಗೆ ಒಂದು ವೈರು ಹಾಕಿದೆವು. ಮೀಟರ್ ಅಂದಿನಿಂದ ಅಲುಗಾಡಿಲ್ಲ. ಬಿಚ್ಚಿಟ್ಟ ಹಳೇ ಮೀಟರನ್ನು ಬ್ಯಾಟರಿಗೆ ಹಚ್ಚಿ ನೋಡಿದರೆ ಅದೂ ಸರಿಯಾಗಿಯೇ ಇತ್ತು!

ಅರ್ತ್ ನೋಡುವ ಜಾಗಗಳು

ಬ್ಯಾಟರಿ ಮೈನಸ್ ಕೇಬಲ್ ಚಾಸಿಗೆ ಸೇರುವ ಬೋಲ್ಟ್. ಎಂಜಿನ್ನಿನಿಂದ ಚಾಸಿಗೆ ಹೋಗುವ ಹೆಣೆದ ತಾಮ್ರದ ಪಟ್ಟಿ. ಎಂಜಿನ್ ರಬ್ಬರ್ ಮೇಲೆ ಕೂತಿರುವುದರಿಂದ ಈ ಪಟ್ಟಿಯೇ ಅದರ ಆಸರೆ. ಎಂಜಿನ್ ಇಳಿಸಿ ಏರಿಸುವಾಗ ಇದನ್ನು ಹಾಕುವುದು ಮರೆತುಬಿಡುವುದುಂಟು. ಆಮೇಲೆ ಡ್ಯಾಶ್‌ಬೋರ್ಡಿನಿಂದ ಬಾಡಿಗೆ ಹೋಗುವ ವೈರು, ಟ್ಯಾಂಕಿನ ಅರ್ತ್ ವೈರು.

ಒಂದು ಸುಲಭ ಪರೀಕ್ಷೆ: ಮಲ್ಟಿಮೀಟರನ್ನು ಡಿಸಿ ವೋಲ್ಟಿಗೆ ಇಟ್ಟು, ಒಂದು ಕಡ್ಡಿ ಬ್ಯಾಟರಿಯ ಮೈನಸ್ ಕಂಬಕ್ಕೆ, ಇನ್ನೊಂದು ಎಂಜಿನ್ನಿನ ತಿಕ್ಕಿದ ಜಾಗಕ್ಕೆ ಹಿಡಿಯಿರಿ. ಇನ್ನೊಬ್ಬರು ಸೆಲ್ಫ್ ಹೊಡೆಯಲಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ತ್ ದಾರಿ ಕೆಟ್ಟಿದೆ. ಬಿಚ್ಚಿ, ಪಾಲಿಶ್ ಪೇಪರಿನಿಂದ ಬಿಳಿ ಕಬ್ಬಿಣ ಕಾಣುವ ತನಕ ತಿಕ್ಕಿ, ಬಿಗಿದು, ಮೇಲೆ ಸ್ವಲ್ಪ ಗ್ರೀಸ್ ಸವರಿ. ಮೊದಲು ಗ್ರೀಸ್ ಆಮೇಲೆ ಬೋಲ್ಟ್ ಅಲ್ಲ!

ಇನ್ನೊಂದು: ಸೆಂಡರಿನ ಥ್ರೆಡ್ಡಿಗೆ ಬಿಳಿ ಟೇಪ್ ಸುತ್ತುವ ಚಾಳಿ ಬಂದಿದೆ. ನಲ್ಲಿಗೆ ಸುತ್ತುವ ಅದೇ ಟೇಪ್. ಒಂದೇ ವೈರಿನ ಸೆಂಡರಿಗೆ ಅರ್ತ್ ಸಿಗುವುದೇ ಥ್ರೆಡ್ಡಿನಿಂದ. ದಪ್ಪ ಸುತ್ತಿದರೆ ಅದೂ ಕೈಬಿಡುತ್ತದೆ. ತಾಮ್ರದ ವಾಶರ್ ಹಾಕಿ.

ಸೆಂಡರಿಗೆ ಕುದಿನೀರಿನ ಪರೀಕ್ಷೆ

ಟೆಂಪರೇಚರ್ ಸೆಂಡರಿನ ಗುಣ ಏನೆಂದರೆ, ಬಿಸಿ ಏರಿದಂತೆ ಅದರ ಓಮ್ ಇಳಿಯುತ್ತದೆ. ಇದನ್ನು ಅಡುಗೆಮನೆಯಲ್ಲೇ ನೋಡಬಹುದು. ಹಳೇ ಪಾತ್ರೆಯಲ್ಲಿ ನೀರಿಟ್ಟು, ಸೆಂಡರನ್ನು ವೈರಿನಿಂದ ತೂಗುಬಿಡಿ. ತಳಕ್ಕೆ ತಾಗಬಾರದು, ಮೇಲಿನ ಬೋಲ್ಟ್ ಮುಳುಗಬಾರದು. ಮಲ್ಟಿಮೀಟರಿನ ಒಂದು ಕಡ್ಡಿ ಬೋಲ್ಟಿಗೆ, ಇನ್ನೊಂದು ಮೈಗೆ. ಪಕ್ಕದಲ್ಲಿ 110 ಡಿಗ್ರಿ ತನಕ ತೋರಿಸುವ ಥರ್ಮಾಮೀಟರ್. ಜ್ವರದ ಥರ್ಮಾಮೀಟರ್ ನಡೆಯದು.

ನಾನು ಬರೆದಿಟ್ಟ ಲೆಕ್ಕ ಹೀಗಿದೆ: 40 ಡಿಗ್ರಿಯಲ್ಲಿ 290 ಓಮ್ ಆಸುಪಾಸು, 60ರಲ್ಲಿ 135, 80ರಲ್ಲಿ 70, ನೀರು ಕುದಿಯುವಾಗ 40. ನಿಮ್ಮ ಸೆಂಡರಿನ ಅಂಕಿ ಬೇರೆ ಇರಬಹುದು. ನೋಡಬೇಕಾದದ್ದು ಅಂಕಿ ಸರಾಗವಾಗಿ ಇಳಿಯುತ್ತದೆಯೇ ಎಂಬುದು. ನಡುವೆ ಒಮ್ಮೆಲೇ ಜಿಗಿದರೆ, ಅಥವಾ ಎಷ್ಟು ಕುದಿಸಿದರೂ ಅಲ್ಲೇ ನಿಂತರೆ ಸೆಂಡರ್ ಹೋಗಿದೆ.

ನಮ್ಮ ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿದೆ. ಹೀಗಾಗಿ ಇಲ್ಲಿ ನೀರು 100ಕ್ಕಲ್ಲ, 98.5 ಡಿಗ್ರಿಯ ಹತ್ತಿರ ಕುದಿಯುತ್ತದೆ. ಥರ್ಮಾಮೀಟರ್ ಅಷ್ಟಕ್ಕೇ ನಿಂತರೆ ಅದು ಕೆಟ್ಟಿಲ್ಲ.

ಇದೇ ಅಂಕಿಗಳಿಂದ ಮೀಟರನ್ನೂ ಪರೀಕ್ಷಿಸಬಹುದು. ಸೆಂಡರ್ ಬದಲಿಗೆ 47 ಓಮ್ ರೆಸಿಸ್ಟರ್ ಹಾಕಿದರೆ ನನ್ನ ಗಾಡಿಯ ಮೀಟರ್ 90 ಡಿಗ್ರಿಗಿಂತ ಸ್ವಲ್ಪ ಮೇಲೆ ತೋರಿಸಬೇಕು. ತೋರಿಸಿತು. ಅಂದರೆ ಅದು ಖರೆ ಹೇಳುತ್ತದೆ. ಗಾಜಿನ ಮೇಲೆ ಆ ಜಾಗಕ್ಕೆ ಉಗುರುಬಣ್ಣದಿಂದ ಕೆಂಪು ಗೆರೆ ಎಳೆದಿದ್ದೇನೆ. ಓದಲು ಬಾರದ ಡ್ರೈವರಿಗೂ ತಿಳಿಯುತ್ತದೆ: ಗೆರೆ ಮುಟ್ಟಿದರೆ ಹೊರೆ ಇಳಿಸು, ಎಂಜಿನ್ ಐದು ನಿಮಿಷ ಖಾಲಿ ಓಡಿಸಿ ನಿಲ್ಲಿಸು. ಬಿಸಿ ಇದ್ದಾಗ ರೇಡಿಯೇಟರ್ ಮುಚ್ಚಳ ತೆಗೆಯಬೇಡ.

ಒಂದು ಮಾತು ಮರೆಯಬೇಡಿ. ಸೆಂಡರ್ ನೀರಿನಲ್ಲಿ ಮುಳುಗಿದ್ದರೆ ಮಾತ್ರ ಖರೆ ಹೇಳುತ್ತದೆ. ಹೋಸ್ ಒಡೆದು ನೀರೆಲ್ಲ ಸೋರಿದರೆ, ಎಂಜಿನ್ ಸುಡುತ್ತಿದ್ದರೂ ಮೀಟರ್ ಕಡಿಮೆ ತೋರಿಸಬಹುದು. ಮುಳ್ಳು ಏರಿ ಒಮ್ಮೆಲೇ ಇಳಿದರೆ ಸಂತೋಷಪಡಬೇಡಿ, ಗಾಡಿ ನಿಲ್ಲಿಸಿ. ಇನ್ನು ಬೋರಿನ ಸವಳು ನೀರು ಹಾಕಿದರೆ ಸೆಂಡರಿನ ಮೇಲೆ ಸುಣ್ಣದ ಪದರ ಕಟ್ಟಿ ಅದು ತಡವಾಗಿ ಹೇಳುತ್ತದೆ. ಕೂಲೆಂಟ್ ಬೆರೆಸಿದ ಒಳ್ಳೇ ನೀರು ಹಾಕಿ.

ಡೀಸೆಲ್ ಫ್ಲೋಟ್

ಫ್ಲೋಟ್ ಯೂನಿಟ್ ಹೊರತೆಗೆದು ಮೊದಲು ಫ್ಲೋಟ್ ಅಲ್ಲಾಡಿಸಿ. ಒಳಗೆ ಡೀಸೆಲ್ ಕುಲುಕಿದರೆ ಅದು ತೇಲುವುದಿಲ್ಲ. ಮಲ್ಟಿಮೀಟರ್ ಹಚ್ಚಿ ತೋಳನ್ನು ಕೆಳಗಿನಿಂದ ಮೇಲಕ್ಕೆ ನಿಧಾನಕ್ಕೆ ಎತ್ತಿ. ಅಂಕಿ ಸಮನಾಗಿ ಬದಲಾಗಬೇಕು. ನಾವು ಹೆಚ್ಚಾಗಿ ಅರ್ಧ ಟ್ಯಾಂಕಿನಲ್ಲೇ ಓಡಿಸುವುದರಿಂದ ಒಳಗಿನ ತಂತಿ ನಡುವೆಯೇ ಸವೆದಿರುತ್ತದೆ. ಅಲ್ಲಿ ಅಂಕಿ ತಪ್ಪಿಹೋದರೆ ಯೂನಿಟ್ ಬದಲಿಸಬೇಕು.

ಹೊಸದು ತರುವಾಗ ಮೋಸ ಹೋಗುವುದು ಇಲ್ಲೇ. ಕೆಲವು ಯೂನಿಟ್ ಖಾಲಿಯಲ್ಲಿ 10 ಓಮ್, ತುಂಬಿದಾಗ 180 ಓಮ್ ಇರುತ್ತವೆ. ಕೆಲವು ಇದಕ್ಕೆ ತದ್ವಿರುದ್ಧ, ಖಾಲಿಯಲ್ಲಿ ಹೆಚ್ಚು, ತುಂಬಿದಾಗ ಕಡಿಮೆ. ಜೋಡಿ ತಪ್ಪಿದರೆ ಖಾಲಿ ಟ್ಯಾಂಕಿಗೆ ಮೀಟರ್ ‘ಫುಲ್’ ಅನ್ನುತ್ತದೆ. ಹಳೇ ಯೂನಿಟ್ಟಿನ ಓಮ್ ಅಳೆದು ಚೀಟಿಯಲ್ಲಿ ಬರೆದುಕೊಂಡು, ಮಲ್ಟಿಮೀಟರ್ ಜೊತೆಗಿಟ್ಟುಕೊಂಡೇ ಅಂಗಡಿಗೆ ಹೋಗಿ.

ಆಯಿಲ್ ಲೈಟು ಮತ್ತು ಆಂಪಿಯರ್ ಮೀಟರ್

ಆಯಿಲ್ ಲೈಟಿನ ಪರೀಕ್ಷೆ ಕಣ್ಣಿನಲ್ಲೇ ಆಗುತ್ತದೆ. ಚಾವಿ ಹಾಕಿದಾಗ ಹತ್ತಬೇಕು, ಎಂಜಿನ್ ಚಾಲೂ ಆದಾಗ ಆರಬೇಕು. ಚಾವಿ ಹಾಕಿದಾಗ ಹತ್ತದಿದ್ದರೆ ಅದು ಒಳ್ಳೇ ಲಕ್ಷಣವಲ್ಲ, ಬಲ್ಬೋ ವೈರೋ ಸ್ವಿಚ್ಚೋ ಹೋಗಿದೆ. ನಾಳೆ ಆಯಿಲ್ ಒತ್ತಡ ಬಿದ್ದರೂ ಹೇಳುವವರಿಲ್ಲ. ಓಡುವಾಗ ಹತ್ತಿದರೆ ತಕ್ಷಣ ಎಂಜಿನ್ ನಿಲ್ಲಿಸಿ ಆಯಿಲ್ ನೋಡಿ. ಆಯಿಲ್ ಮಟ್ಟ ಸರಿ ಇದ್ದರೆ, ಸ್ವಿಚ್ಚಿನ ಜಾಗಕ್ಕೆ ಮೆಕ್ಯಾನಿಕರ ಬಳಿಯ ಕೊಳವೆ ಮೀಟರ್ ಹಾಕಿಸಿ ಒತ್ತಡ ಅಳೆಸಿದ ಮೇಲೆಯೇ “ಸ್ವಿಚ್ ಸುಳ್ಳು” ಅನ್ನಬೇಕು.

ಆಂಪಿಯರ್ ಮೀಟರಿನೊಳಗೆ ಗಾಡಿಯ ಚಾರ್ಜಿಂಗ್ ಕರೆಂಟೆಲ್ಲ ಹಾದುಹೋಗುತ್ತದೆ. ಹಳೇ ಡೈನಮೋ ತೆಗೆದು ದೊಡ್ಡ ಆಲ್ಟರ್ನೇಟರ್ ಹಾಕಿಸಿದವರು ಗಮನಿಸಬೇಕು. 30 ಆಂಪಿಯರಿನ ಮೀಟರಿನೊಳಗೆ ಅದಕ್ಕಿಂತ ಹೆಚ್ಚು ಕರೆಂಟು ಹರಿದರೆ ಬೋಲ್ಟ್ ಕಾದು ವೈರು ಕರಗುತ್ತದೆ, ಬೆಂಕಿಯೂ ಹತ್ತಬಹುದು. ಇಂಥಲ್ಲಿ ಆಂಪಿಯರ್ ಮೀಟರ್ ಬಿಟ್ಟು, ಆಲ್ಟರ್ನೇಟರಿನಿಂದ ಬ್ಯಾಟರಿಗೆ ತಕ್ಕ ದಪ್ಪದ ವೈರನ್ನು ನೇರ ಎಳೆಸಿ, ಡ್ಯಾಶ್‌ಬೋರ್ಡಿಗೆ ವೋಲ್ಟ್ ಮೀಟರ್ ಹಾಕುವುದು ಕ್ಷೇಮ. 12 ವೋಲ್ಟಿನ ಗಾಡಿಯಲ್ಲಿ ನಿಂತ ಬ್ಯಾಟರಿ 12.6ರ ಹತ್ತಿರ, ಎಂಜಿನ್ ಓಡುವಾಗ 13.8ರಿಂದ 14.4 ತೋರಿಸಿದರೆ ಚಾರ್ಜಿಂಗ್ ಸರಿ.

ಚಾರ್ಜಿಂಗ್ ಲೈಟಿಗೆ ಎಲ್‌ಇಡಿ ಬಲ್ಬ್ ಹಾಕಬೇಡಿ. ಅನೇಕ ಆಲ್ಟರ್ನೇಟರುಗಳು ಎಚ್ಚರಾಗಲು ಬೇಕಾದ ಸಣ್ಣ ಕರೆಂಟು ಆ ಹಳೇ ಬಲ್ಬಿನ ಮೂಲಕವೇ ಹೋಗುತ್ತದೆ.

ಹೊಸದಾಗಿ ವೈರಿಂಗ್ ಮಾಡುವುದಾದರೆ

ಮನೆಯ ಗಟ್ಟಿ ಒಂದೆಳೆ ವೈರು ಬೇಡ. ಗಾಡಿಯ ಅಲುಗಾಟಕ್ಕೆ ಮುರಿಯುತ್ತದೆ. ಹಲವು ಎಳೆಯ 1 ಚದರ ಮಿ.ಮೀ. ತಾಮ್ರದ ವೈರು ಮೀಟರುಗಳಿಗೆ ಸಾಕು. ಚಾರ್ಜಿಂಗ್ ದಾರಿಗೆ ಮಾತ್ರ ಇದು ನಡೆಯದು.

ಮೀಟರುಗಳಿಗೆಲ್ಲ ಸೇರಿ 5 ಆಂಪಿಯರಿನ ಒಂದು ಪ್ರತ್ಯೇಕ ಫ್ಯೂಜ್ ಇಡಿ. ಫ್ಯೂಜ್ ಜಾಗಕ್ಕೆ ಸಿಗರೇಟಿನ ಬೆಳ್ಳಿ ಕಾಗದ ಸುತ್ತುವವರಿದ್ದಾರೆ; ಅದು ಗಾಡಿಗೆ ಕಡ್ಡಿ ಗೀರಿದಂತೆ.

ಒಂದೊಂದು ಮೀಟರಿಗೆ ಒಂದೊಂದು ಬಣ್ಣದ ವೈರು. ಒಂದೇ ಬಣ್ಣ ಸಿಕ್ಕರೆ ಎರಡೂ ತುದಿಗೆ ದಾರದ ಗಂಟು ಕಟ್ಟಿ: ಡೀಸೆಲ್ಲಿಗೆ ಒಂದು, ಟೆಂಪರೇಚರಿಗೆ ಎರಡು, ಆಯಿಲ್ಲಿಗೆ ಮೂರು. ಐದು ವರ್ಷದ ಮೇಲೆ ಬಿಚ್ಚುವವರು ನಿಮಗೆ ಕೈ ಮುಗಿಯುತ್ತಾರೆ.

ವೈರನ್ನು ತಿರುವಿ ಟೇಪ್ ಸುತ್ತಿದ ಜಾಯಿಂಟ್ ಒಂದು ಮಳೆಗಾಲಕ್ಕೆ ಬರುತ್ತದೆ. ತುದಿಗೆ ಥಿಂಬಲ್ ಒತ್ತಿಸಿ. ಎಂಜಿನ್ ಮತ್ತು ಕ್ಯಾಬಿನ್ ನಡುವಿನ ತಗಡಿನ ತೂತಿಗೆ ರಬ್ಬರ್ ಬುಶ್ ಹಾಕಿ. ವೈರು ಸೈಲೆನ್ಸರ್ ಬುಡದಿಂದ ದೂರ ಇರಲಿ. ಎಂಜಿನ್ ಅಲುಗಾಡುವ ಜಾಗದಲ್ಲಿ ಒಂದು ಗೇಣು ಸಡಿಲು ಬಿಡಿ.

ಡ್ಯಾಶ್‌ಬೋರ್ಡಿಗೆ, ಟ್ಯಾಂಕಿಗೆ, ಎಂಜಿನ್ನಿಗೆ ಒಂದೊಂದು ಕಪ್ಪು ಅರ್ತ್ ವೈರನ್ನು ಪ್ರತ್ಯೇಕ ಎಳೆದು, ಬ್ಯಾಟರಿ ಮೈನಸ್ ಸೇರುವ ಬೋಲ್ಟಿಗೇ ತನ್ನಿ. ಎಂಜಿನ್ನಿಗೆ ಹೆಣೆದ ಪಟ್ಟಿಯೂ ಇರಲೇಬೇಕು. ಸೆಲ್ಫಿನ ಕರೆಂಟು ಸಣ್ಣ ವೈರಿಗೆ ತಡೆಯದು.

ಸಂಕ್ಷಿಪ್ತವಾಗಿ ರೋಗಪತ್ತೆ

ಎಲ್ಲ ಮೀಟರೂ ಒಟ್ಟಿಗೆ ಸತ್ತರೆ: ಫ್ಯೂಜ್, ಚಾವಿಯ ವೈರು, ಡ್ಯಾಶ್‌ಬೋರ್ಡಿನ ಅರ್ತ್ ಅಥವಾ ಸ್ಟೆಬಿಲೈಸರ್.

ಡೀಸೆಲ್, ಟೆಂಪರೇಚರ್ ಎರಡೂ ಒಟ್ಟಿಗೆ ಹೆಚ್ಚು ತೋರಿಸಿದರೆ: ಸ್ಟೆಬಿಲೈಸರ್ ಕೆಟ್ಟಿದೆ ಅಥವಾ ಅದಕ್ಕೆ ಅರ್ತ್ ಇಲ್ಲ.

ಒಂದು ಮಾತ್ರ ಸತ್ತರೆ: ಅದರ ಸೆಂಡರ್ ವೈರು, ಸೆಂಡರ್, ಸೆಂಡರಿನ ಅರ್ತ್.

ತಣ್ಣನೆಯ ಎಂಜಿನ್ನಿನಲ್ಲೇ ಟೆಂಪರೇಚರ್ ತುದಿಗೆ ಏರಿದರೆ: ಸೆಂಡರ್ ವೈರು ಎಲ್ಲೋ ಬಾಡಿಗೆ ತಾಗಿದೆ. ಇಲಿ ಕಚ್ಚಿದೆಯೇ ನೋಡಿ.

ಲೈಟ್ ಹಾಕಿದರೆ ಮುಳ್ಳು ಸರಿದರೆ: ಅರ್ತ್.

ಚಾವಿ ತೆಗೆದರೂ ಮುಳ್ಳು ನಡುವೆಯೇ ನಿಂತರೆ: ಆ ಮೀಟರನ್ನು ನಂಬಬೇಡಿ.

ನಮ್ಮಲ್ಲಿ ತೊಗರಿ ಕೊಯ್ಲು ಡಿಸೆಂಬರ್, ಜನವರಿಯಲ್ಲಿ. ಅದಕ್ಕೆ ಹದಿನೈದು ದಿನ ಮೊದಲು ಒಂದು ಮುಂಜಾನೆ ಈ ಕೆಲಸಕ್ಕೆ ಇಡಿ. ಮೂರು ಹಂತದ ಪರೀಕ್ಷೆ, ಅರ್ತ್ ಬೋಲ್ಟುಗಳ ತಿಕ್ಕಾಟ, ಗಾಜಿನ ಮೇಲೊಂದು ಕೆಂಪು ಗೆರೆ. ಸೆಂಡರಿನ ಓಮ್ ಲೆಕ್ಕವನ್ನು ಗಾಡಿಯ ಕಾಗದಪತ್ರದ ಜೊತೆ ಬರೆದಿಡಿ. ರಾಶಿ ನಡೆಯುವಾಗ ತಾಸಿಗೊಮ್ಮೆ ರೇಡಿಯೇಟರಿನ ಹೊಟ್ಟು ಜಾಡಿಸುವುದಂತೂ ಇದ್ದೇ ಇರಲಿ. ಮೀಟರ್ ಎಷ್ಟೇ ಖರೆ ಹೇಳಿದರೂ ಹೊಟ್ಟನ್ನು ಅದು ಜಾಡಿಸಿಕೊಡುವುದಿಲ್ಲ.